ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ: ಅಧ್ಯಕ್ಷರ ನೇಮಕಾತಿ ಮತ್ತು ಅಮೆರಿಕದ ಸೆನೆಟ್

(ಸಂವಿಧಾನ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಹೆಸರು 2014ರ ಡಿಸೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಆ ಊರಿನ ಕುಟುಂಬದ ಕುಡಿ ಡಾ. ವಿವೇಕ್ ಮೂರ್ತಿ ತಮ್ಮ 37ನೇ ವಯಸ್ಸಿಗೆ ಅಮೆರಿಕದ ಸರ್ಜನ್ ಜನರಲ್ ಆದರು. ಆರೋಗ್ಯದ ವಿಷಯದಲ್ಲಿ ಸರ್ಕಾರದ ಪರವಾಗಿ ಇಡೀ ದೇಶದೊಡನೆ ಮಾತಾಡುವ ವೈದ್ಯರ ಹುದ್ದೆ ಅದು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು 1964ರಲ್ಲಿ ವರದಿ ಕೊಟ್ಟು ಜನರ ಕಣ್ಣು ತೆರೆಸಿದ್ದು ಇದೇ ಕಚೇರಿ. ನಮ್ಮ ಕಡೆಯವರೊಬ್ಬರು ಅಲ್ಲಿ ಕೂತರು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಅದಕ್ಕೆ ಮುಂಚಿನ ಹದಿಮೂರು ತಿಂಗಳ ಕತೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹದಿಮೂರು ತಿಂಗಳಲ್ಲಿ ಅಡಗಿದೆ.

ಅಧ್ಯಕ್ಷ ಒಬಾಮ ಮೂರ್ತಿಯವರ ಹೆಸರನ್ನು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆಗೆ ಕಳಿಸಿದ್ದು 2013ರ ನವೆಂಬರ್‌ನಲ್ಲಿ. ಮರು ಫೆಬ್ರವರಿಯಲ್ಲಿ ಆರೋಗ್ಯ ಸಮಿತಿ ಅವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿತು, ಅದೇ ತಿಂಗಳು ಸಮಿತಿಯ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಎಲ್ಲ ನಿಂತುಹೋಯಿತು. 2012ರಲ್ಲಿ ಅವರು ಹಾಕಿದ್ದ ಒಂದು ಟ್ವೀಟ್ ಅದಕ್ಕೆ ಕಾರಣ. ರಾಜಕಾರಣಿಗಳು ಬಂದೂಕು ಹಕ್ಕಿನ ಪರ ಹೋರಾಡುವ ರೈಫಲ್ ಸಂಘಕ್ಕೆ ಹೆದರಿ ಜನರ ಪ್ರಾಣವನ್ನು ಅಪಾಯಕ್ಕೆ ಒಡ್ಡುತ್ತಿದ್ದಾರೆ, ಬಂದೂಕು ಆರೋಗ್ಯದ ವಿಷಯ ಎಂಬುದು ಅದರ ಸಾರ. ರಾಷ್ಟ್ರೀಯ ರೈಫಲ್ ಸಂಘ ಅವರ ವಿರುದ್ಧ ನಿಂತಿತು. ಬಂದೂಕು ಪ್ರಿಯರು ಹೆಚ್ಚಿರುವ ರಾಜ್ಯಗಳಲ್ಲಿ ಆ ವರ್ಷದ ನವೆಂಬರ್‌ನಲ್ಲಿ ಚುನಾವಣೆ ಎದುರಿಸಬೇಕಿದ್ದ ಡೆಮಾಕ್ರಟ್ ಸೆನೆಟರುಗಳು, ಅಂದರೆ ಒಬಾಮರ ಸ್ವಂತ ಪಕ್ಷದವರೇ, ಹಿಂದೆ ಸರಿದರು. ಹೆಸರನ್ನು ಸದನದಲ್ಲಿ ಮತಕ್ಕೆ ಹಾಕಲೇ ಇಲ್ಲ. ಆ ಶರತ್ಕಾಲದಲ್ಲಿ ಅಮೆರಿಕಕ್ಕೆ ಎಬೋಲಾ ಕಾಲಿಟ್ಟಿತು, ಡಲ್ಲಾಸ್‌ನ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ಸತ್ತರು. ಜನರಿಗೆ ಧೈರ್ಯ ಹೇಳಬೇಕಾದ ಕುರ್ಚಿಯಲ್ಲಿ ಒಬ್ಬ ಹಂಗಾಮಿ ಅಧಿಕಾರಿ ಇದ್ದರು. ಚುನಾವಣೆ ಮುಗಿದು, ಸದನದ ಅವಧಿ ಇನ್ನೇನು ಮುಗಿಯಬೇಕು ಎನ್ನುವಾಗ, ಡಿಸೆಂಬರ್ 15ರಂದು 51ಕ್ಕೆ 43 ಮತಗಳಿಂದ ಮೂರ್ತಿಯವರ ನೇಮಕಕ್ಕೆ ಸೆನೆಟ್ ಒಪ್ಪಿತು. ವಿರೋಧ ಪಕ್ಷದಿಂದ ಪರವಾಗಿ ಬಂದದ್ದು ಒಂದೇ ಒಂದು ಮತ.

ಸೆನೆಟ್ ಅವರನ್ನು ತಿರಸ್ಕರಿಸಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಬಂದೂಕಿನ ಬಗ್ಗೆ ಹೀಗೆ ಯೋಚಿಸುವ ವೈದ್ಯರು ನಮಗೆ ಬೇಡ ಎಂದು ಕೈಯೆತ್ತಿ ಹೇಳಿ, ಅದಕ್ಕೆ ಮತದಾರರ ಮುಂದೆ ಉತ್ತರ ಕೊಡುವುದು ಜನಪ್ರತಿನಿಧಿಗಳ ಹಕ್ಕು. ಅವರು ಹಾಗೆ ಮಾಡಲಿಲ್ಲ. ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರು ಒಪ್ಪಿಗೆಯನ್ನೂ ತಿಳಿಸದೆ, ಬೇಡವೆಂದೂ ಹೇಳಿಕಳಿಸದೆ ವರ್ಷಗಟ್ಟಲೆ ಸುಮ್ಮನಿದ್ದ ಹಾಗೆ ಇದು. ನೇಮಕಾತಿಗೆ ಶಾಸನಸಭೆಯ ಒಪ್ಪಿಗೆ ಬೇಕೆನ್ನುವ ಏರ್ಪಾಟು ಬಹಳ ಒಳ್ಳೆಯದು ಎಂದು ನಂಬುವವನು ನಾನು. ಅದಕ್ಕೆ ಹಿಡಿದಿರುವ ರೋಗ ಈ ಮೌನ.

ಈ ಏರ್ಪಾಟು ಹುಟ್ಟಿದ್ದು ಹೇಗೆ ನೋಡೋಣ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯದಲ್ಲಿ ಸಂವಿಧಾನ ಬರೆಯಲು ಕೂತವರಿಗೆ ರಾಜನ ಕಾಟ ಹೊಸದಾಗಿ ತಪ್ಪಿತ್ತು. ಇಂಗ್ಲೆಂಡಿನ ದೊರೆ ತನಗೆ ಬೇಕಾದವರಿಗೆ ಹುದ್ದೆ ಹಂಚಿ ವಸಾಹತುಗಳನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ನೇಮಕದ ಅಧಿಕಾರವನ್ನು ಒಬ್ಬನ ಕೈಗೆ ಕೊಡಬಾರದು ಎಂದು ಕೆಲವರ ವಾದ. ಹತ್ತಾರು ಜನರ ಸಭೆಗೆ ಕೊಟ್ಟರೆ ಒಳಸಂಚು ಹೆಚ್ಚುತ್ತದೆ, ಯಾರೂ ಹೊಣೆ ಹೊರುವುದಿಲ್ಲ ಎಂದು ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಅಂಥವರ ವಾದ. ನ್ಯಾಯಾಧೀಶರನ್ನು ಆರಿಸುವ ಬಗ್ಗೆ ಜೂನ್ 5ರಂದು ಚರ್ಚೆ ನಡೆಯುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಸ್ಕಾಟ್ಲೆಂಡಿನ ಪದ್ಧತಿಯನ್ನು ಹೇಳಿದರು. ಅಲ್ಲಿ ವಕೀಲರೇ ನ್ಯಾಯಾಧೀಶರನ್ನು ಸೂಚಿಸುತ್ತಾರೆ, ಯಾವಾಗಲೂ ತಮ್ಮಲ್ಲಿ ಅತಿ ಸಮರ್ಥನನ್ನೇ ಸೂಚಿಸುತ್ತಾರೆ, ಯಾಕೆಂದರೆ ಅವನು ಪೀಠ ಹತ್ತಿದರೆ ಅವನ ಕಕ್ಷಿದಾರರನ್ನು ಉಳಿದವರು ಹಂಚಿಕೊಳ್ಳಬಹುದಲ್ಲ! ಎಂಬತ್ತೊಂದರ ಹಿರಿಯರು ಹೇಳಿದ ಈ ಮಾತಿಗೆ ಸಭೆ ನಕ್ಕಿರಬೇಕು. ಆದರೆ ಅದರಲ್ಲಿ ತಿರುಳಿದೆ. ಆರಿಸುವವರ ಸ್ವಾರ್ಥ ಎಲ್ಲಿಗೂ ಹೋಗುವುದಿಲ್ಲ. ಆ ಸ್ವಾರ್ಥವೇ ಒಳ್ಳೆಯ ಆಯ್ಕೆಯ ಕಡೆಗೆ ತಳ್ಳುವಂತೆ ಏರ್ಪಾಟು ಮಾಡಬೇಕು.

ಕೊನೆಗೆ ದಾರಿ ತೋರಿಸಿದ್ದು 1780ರ ಮ್ಯಾಸಚೂಸೆಟ್ಸ್ ರಾಜ್ಯ ಸಂವಿಧಾನ. ಅಲ್ಲಿ ರಾಜ್ಯಪಾಲರು ಹೆಸರು ಸೂಚಿಸಬೇಕು, ಒಂದು ಪರಿಷತ್ತು ಒಪ್ಪಬೇಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ಫಿಲಡೆಲ್ಫಿಯದ ಸಭೆ ಅದನ್ನೇ ಹೋಲುವ ಸೂತ್ರವನ್ನು ಒಪ್ಪಿಕೊಂಡಿತು. ಎರಡನೆಯ ಅನುಚ್ಛೇದದ ಎರಡನೆಯ ವಿಭಾಗ ಹೇಳುವುದು ಇಷ್ಟು: ರಾಯಭಾರಿಗಳು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಮತ್ತು ದೇಶದ ಇತರ ಅಧಿಕಾರಿಗಳ ಹೆಸರನ್ನು ಅಧ್ಯಕ್ಷರು ಸೂಚಿಸಬೇಕು, ಸೆನೆಟ್‌ನ ಸಲಹೆ ಮತ್ತು ಸಮ್ಮತಿಯೊಂದಿಗೆ ನೇಮಿಸಬೇಕು. ಕೆಳಹಂತದ ಅಧಿಕಾರಿಗಳ ನೇಮಕವನ್ನು ಸಂಸತ್ತು ಬೇಕಿದ್ದರೆ ಅಧ್ಯಕ್ಷರೊಬ್ಬರಿಗೆ, ನ್ಯಾಯಾಲಯಗಳಿಗೆ ಅಥವಾ ಇಲಾಖೆಗಳ ಮುಖ್ಯಸ್ಥರಿಗೆ ಬಿಟ್ಟುಕೊಡಬಹುದು. ಎಷ್ಟು ದಿನದಲ್ಲಿ ಒಪ್ಪಬೇಕು? ಒಪ್ಪದಿದ್ದರೆ ಕಾರಣ ಹೇಳಬೇಕೇ? ಒಂದಕ್ಷರವೂ ಇಲ್ಲ.

ಮರುವರ್ಷ ಈ ಸೂತ್ರವನ್ನು ಸಮರ್ಥಿಸುತ್ತಾ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದ ಪ್ರಬಂಧ ಇಂದಿಗೂ ಓದತಕ್ಕದ್ದು. ಸೆನೆಟ್ ತಿರಸ್ಕರಿಸುವುದು ಅಪರೂಪವಾಗಿರುತ್ತದೆ, ಆದರೆ ತಿರಸ್ಕರಿಸಬಹುದು ಎಂಬ ಅಳುಕೇ ಅಧ್ಯಕ್ಷರನ್ನು ನೆಟ್ಟಗಿಡುತ್ತದೆ ಎಂಬುದು ಅವರ ವಾದ. ತನ್ನ ಊರಿನವನು, ನೆಂಟ, ಹೊಗಳುಭಟ ಎಂಬಷ್ಟೇ ಅರ್ಹತೆಯವರನ್ನು ಸಾರ್ವಜನಿಕವಾಗಿ ಮುಂದೆ ತರಲು ನಾಚಿಕೆಯಾಗುತ್ತದೆ ಎಂದು ಅವರು ನಂಬಿದ್ದರು. ಹ್ಯಾಮಿಲ್ಟನ್ ಈ ಮಟ್ಟಿಗೆ ದೂರದೃಷ್ಟಿಯವರು. ಅಂದಿನಿಂದ ಇಂದಿನವರೆಗೆ ಮಂತ್ರಿಸ್ಥಾನಕ್ಕೆ ಸೂಚಿತರಾದವರಲ್ಲಿ ಸೆನೆಟ್ ಮತ ಹಾಕಿ ತಿರಸ್ಕರಿಸಿದ್ದು ಬರೀ ಒಂಬತ್ತು ಜನರನ್ನು. ಸೋಲು ಖಚಿತವೆಂದು ಗೊತ್ತಾದ ಕೂಡಲೇ ಹಿಂದೆ ಸರಿದವರ ಸಂಖ್ಯೆ ಅದಕ್ಕಿಂತ ಹೆಚ್ಚು. 2024ರ ನವೆಂಬರ್‌ನಲ್ಲಿ ಅಟಾರ್ನಿ ಜನರಲ್ (ಅಲ್ಲಿ ಇದು ನ್ಯಾಯ ಇಲಾಖೆಯ ಮಂತ್ರಿಸ್ಥಾನ) ಸ್ಥಾನಕ್ಕೆ ಬಂದ ಮ್ಯಾಟ್ ಗೇಟ್ಸ್ ಅವರ ಹೆಸರು ಹೀಗೇ ಹಿಂದಕ್ಕೆ ಹೋಯಿತು.

ಮೊದಲ ತಿರಸ್ಕಾರ ಸ್ವತಃ ಜಾರ್ಜ್ ವಾಷಿಂಗ್ಟನ್ ಅವರಿಗೇ ಆಯಿತು ಎಂದರೆ ಆಶ್ಚರ್ಯವಾಗಬಹುದು. 1789ರ ಆಗಸ್ಟ್. ಸರ್ಕಾರ ಶುರುವಾಗಿ ಕೆಲವೇ ತಿಂಗಳು. ಬಂದರುಗಳಲ್ಲಿ ಸುಂಕ ವಸೂಲಿಗೆ ನೂರರಷ್ಟು ಜನರ ಪಟ್ಟಿಯನ್ನು ಅವರು ಕಳಿಸಿದರು. ಸವಾನ ಬಂದರಿಗೆ ಬೆಂಜಮಿನ್ ಫಿಶ್‌ಬರ್ನ್ ಎಂಬ ಹಳೆಯ ಸೈನಿಕನ ಹೆಸರಿತ್ತು. ಜಾರ್ಜಿಯದ ಸೆನೆಟರ್ ಜೇಮ್ಸ್ ಗನ್‌ಗೆ ಅವನು ಬೇಡವಾಗಿದ್ದ, ಸೆನೆಟ್ ಬೇಡ ಎಂದಿತು. ವಾಷಿಂಗ್ಟನ್ ಮರುದಿನವೇ ಬೇರೆ ಹೆಸರು ಕಳಿಸಿದರು. ಜೊತೆಯಲ್ಲಿ ಒಂದು ಪತ್ರ. ನಿಮ್ಮ ಕಾರಣಗಳೇನೇ ಇರಲಿ, ಅವು ಸಾಕಷ್ಟು ಬಲವಾದವೇ ಇರಬೇಕು. ಆದರೆ ನಾನು ಸೂಚಿಸಿದ ಹೆಸರಿನ ಬಗ್ಗೆ ಸಂಶಯ ಬಂದಾಗ ನನ್ನನ್ನು ಒಂದು ಮಾತು ಕೇಳಿದ್ದರೆ ಆ ಹೆಸರು ಯಾಕೆ ಸೂಚಿಸಿದೆ ಎಂದು ತಿಳಿಸುತ್ತಿದ್ದೆ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಯುದ್ಧದಲ್ಲಿ ಫಿಶ್‌ಬರ್ನ್ ತೋರಿದ ನಡತೆಯನ್ನು ತಾವೇ ಕಂಡಿದ್ದಾಗಿಯೂ ಬರೆದರು. ತಿರಸ್ಕಾರವನ್ನು ಅವರು ತಲೆಬಾಗಿ ಒಪ್ಪಿಕೊಂಡರು, ಬೇಡ ಎನ್ನುವ ಮುಂಚೆ ತಮ್ಮನ್ನು ಒಂದು ಮಾತು ಕೇಳಿ ಎಂದಷ್ಟೇ ಹೇಳಿದರು. ಸಂವಿಧಾನದಲ್ಲಿ ಬರೆಯದೆ ಬಿಟ್ಟ ಸಾಲನ್ನು ಮೊದಲ ಅಧ್ಯಕ್ಷರೇ ತುಂಬಲು ನೋಡಿದ್ದು ಹೀಗೆ. ಅವರ ಸಲಹೆ ಪದ್ಧತಿಯಾಗಿ ಬೇರೂರಲಿಲ್ಲ. ಬೇರೂರಿದ್ದು ಗನ್ ಅವರ ದಾರಿ: ತನ್ನ ರಾಜ್ಯದ ಹುದ್ದೆಗೆ ತನಗೆ ಬೇಡದವರು ಬರಕೂಡದು ಎಂದು ಒಬ್ಬ ಸೆನೆಟರ್ ಹೇಳಿದರೆ ಉಳಿದವರು ಮರ್ಯಾದೆಗೆ ಒಪ್ಪಿಕೊಳ್ಳುವ ಸಂಪ್ರದಾಯ.

ಈ ಸಂಪ್ರದಾಯ ಮುಂದೆ ಒಂದು ನೀಲಿ ಚೀಟಿಯ ರೂಪ ತಾಳಿತು. ನ್ಯಾಯಾಧೀಶರ ಹೆಸರು ಬಂದಾಗ ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರು ಸೆನೆಟರುಗಳಿಗೆ ನೀಲಿ ಬಣ್ಣದ ಕಾಗದವೊಂದನ್ನು ಕಳಿಸುತ್ತದೆ: ನಿಮಗೆ ಒಪ್ಪಿಗೆಯೋ, ವಿರೋಧವೋ ತಿಳಿಸಿ. ಸುಮಾರು 1917ರಿಂದ ನಡೆದುಬಂದ ಪದ್ಧತಿ. ಚೀಟಿ ಹಿಂತಿರುಗದಿದ್ದರೆ ಹೆಸರು ಅಲ್ಲಿಗೇ ನಿಲ್ಲುತ್ತದೆ. ವಿರೋಧಿಸುವವರು ಆ ಚೀಟಿಯಲ್ಲಿ ಏನನ್ನೂ ಬರೆಯಬೇಕಾಗಿಲ್ಲ, ಮೇಜಿನ ಖಾನೆಯಲ್ಲಿ ಇಟ್ಟು ಮರೆತರೆ ಸಾಕು. ಮೇಲ್ಮನವಿ ನ್ಯಾಯಾಲಯಗಳ ಮಟ್ಟಿಗೆ ಇತ್ತೀಚೆಗೆ ಇದಕ್ಕೆ ಬೆಲೆ ಇಲ್ಲ. ಜಿಲ್ಲಾ ನ್ಯಾಯಾಲಯಗಳ ಮಟ್ಟಿಗೆ ಇನ್ನೂ ಇದೆ.

ಏರ್ಪಾಟಿನ ಒಳ್ಳೆಯ ಮುಖವನ್ನೂ ಹೇಳಬೇಕು. ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

1916ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಲೂಯಿಸ್ ಬ್ರ್ಯಾಂಡೈಸ್ ಅವರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದರು. ದೊಡ್ಡ ಕಂಪನಿಗಳ ಎದುರು ಕಾರ್ಮಿಕರ, ಗ್ರಾಹಕರ ಪರ ವಾದಿಸಿದ್ದ ವಕೀಲರು. ಆ ಪೀಠಕ್ಕೆ ಹೆಸರು ಬಂದ ಮೊದಲ ಯಹೂದಿ. ವಿರೋಧ ಎಷ್ಟಿತ್ತೆಂದರೆ ಸಮಿತಿ ಮೊಟ್ಟಮೊದಲ ಬಾರಿಗೆ ಸಾರ್ವಜನಿಕ ವಿಚಾರಣೆ ನಡೆಸಬೇಕಾಯಿತು. ನಾಲ್ಕು ತಿಂಗಳು ಆರೋಪ, ಪ್ರತ್ಯಾರೋಪ. ಅವರ ಮೇಲೆ ದೂರು ಹೇಳಲು ಬಂದವರ ಮಾತುಗಳೂ ದಾಖಲಾದವು, ಅವುಗಳಿಗೆ ಬಂದ ಉತ್ತರಗಳೂ ದಾಖಲಾದವು. ಜೂನ್ 1ರಂದು 47ಕ್ಕೆ 22 ಮತಗಳಿಂದ ಅವರು ಗೆದ್ದರು. ಬ್ರ್ಯಾಂಡೈಸ್ ತಾವೇ ಸಮಿತಿಯ ಮುಂದೆ ಬಂದಿರಲಿಲ್ಲ. 1925ರಲ್ಲಿ ಹಾರ್ಲನ್ ಫಿಸ್ಕ್ ಸ್ಟೋನ್ ಹಾಗೆ ಬಂದು ಕೂತ ಮೊದಲಿಗರು. 1929ರಿಂದ ಸೆನೆಟ್ ನೇಮಕಾತಿಯ ಚರ್ಚೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸುವುದನ್ನು ಬಿಟ್ಟಿತು. 1981ರಲ್ಲಿ ಸಾಂಡ್ರಾ ಡೇ ಓ'ಕಾನರ್ ಅವರ ವಿಚಾರಣೆಯನ್ನು ಜನ ಟಿವಿಯಲ್ಲಿ ನೋಡಿದರು.

ಜೀವಮಾನವಿಡೀ ಪೀಠದಲ್ಲಿ ಕೂರಲಿರುವವರು, ಸೇನೆ ನಡೆಸಲಿರುವವರು, ಔಷಧಿಗಳಿಗೆ ಪರವಾನಗಿ ಕೊಡಲಿರುವವರು ಅಧಿಕಾರಕ್ಕೆ ಬರುವ ಮುಂಚೆ ಮೇಜಿನ ಈಚೆ ಕೂತು, ಪ್ರಮಾಣ ಮಾಡಿ, ಗಂಟೆಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಹೇಳುವ ನೋಟ ಇದೆಯಲ್ಲ, ಅದನ್ನು ನಾನು ಬಹಳ ಗೌರವಿಸುತ್ತೇನೆ. ಅದಕ್ಕೆ ಮುಂಚೆ ತನಿಖಾ ಸಂಸ್ಥೆ ಅವರ ಹಿನ್ನೆಲೆ ಜಾಲಾಡುತ್ತದೆ. ಆಸ್ತಿ, ಷೇರು, ಸಾಲದ ವಿವರ ಬರೆದುಕೊಡಬೇಕು. ಹಿತಾಸಕ್ತಿಗೆ ಧಕ್ಕೆ ಬರುವಂಥ ಷೇರು ಮಾರುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಆಮೇಲೆ ಸಮಿತಿಯ ಮತ, ಸದನದ ಪಟ್ಟಿ, ಸದನದ ಮತ, ಕೊನೆಗೆ ಅಧ್ಯಕ್ಷರ ಸಹಿಯಿರುವ ನೇಮಕಪತ್ರ. ಸುಮಾರು 1,300 ಹುದ್ದೆಗಳಿಗೆ ಈ ದಾರಿ ಕಡ್ಡಾಯ. ಮಿಲಿಟರಿ ಬಡ್ತಿಗಳು ಈ ಲೆಕ್ಕಕ್ಕೆ ಸೇರಿಲ್ಲ, ಅವು ಬೇರೆ.

ಸೆನೆಟ್ ನೇರವಾಗಿ ಬೇಡ ಎಂದ ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಅದು ನಡೆದ ರೀತಿ ಸ್ವಾರಸ್ಯವಾಗಿದೆ. 1925ರ ಮಾರ್ಚ್ 10. ಅಧ್ಯಕ್ಷ ಕೂಲಿಜ್ ಅಟಾರ್ನಿ ಜನರಲ್ ಸ್ಥಾನಕ್ಕೆ ಮಿಷಿಗನ್‌ನ ಚಾರ್ಲ್ಸ್ ವಾರೆನ್ ಹೆಸರು ಸೂಚಿಸಿದ್ದರು. ಸಕ್ಕರೆ ಕಂಪನಿಗಳ ಏಕಸ್ವಾಮ್ಯ ಕೂಟದ ಜೊತೆ ವ್ಯವಹಾರ ನಡೆಸಿದ್ದವರನ್ನೇ ಏಕಸ್ವಾಮ್ಯ ತಡೆಯುವ ಕಾನೂನಿನ ಕಾವಲಿಗೆ ಇಡುವುದೇ ಎಂಬುದು ಆಕ್ಷೇಪ. ಸೆನೆಟ್‌ನ ಸಭಾಪತಿ ಪೀಠ ಉಪಾಧ್ಯಕ್ಷರದು. ಮತ ಸರಿಸಮ ಬಿದ್ದಾಗ ಮಾತ್ರ ಅವರಿಗೆ ಮತ. ಹೊಸದಾಗಿ ಉಪಾಧ್ಯಕ್ಷರಾಗಿದ್ದ ಚಾರ್ಲ್ಸ್ ಡಾಸ್, ಇವತ್ತು ಮತದಾನ ಇರುವುದಿಲ್ಲ ಎಂಬ ಮಾತು ನಂಬಿ ವಿಲ್ಲರ್ಡ್ ಹೋಟೆಲಿಗೆ ಹೋಗಿ ಮಧ್ಯಾಹ್ನದ ನಿದ್ದೆಗೆ ಮಲಗಿದರು. ಇತ್ತ ಸದನದಲ್ಲಿ ಮಾತಾಡಬೇಕಿದ್ದವರು ಬೇಗ ಮುಗಿಸಿದರು, ಮತಕ್ಕೆ ಹಾಕಲಾಯಿತು. 40ಕ್ಕೆ 40. ಡಾಸ್ ಅವರನ್ನು ಎಬ್ಬಿಸಿ ಟ್ಯಾಕ್ಸಿಯಲ್ಲಿ ಕರೆತರುವಷ್ಟರಲ್ಲಿ, ಪರವಾಗಿ ಮತ ಹಾಕಿದ್ದ ಒಬ್ಬರೇ ಒಬ್ಬ ಡೆಮಾಕ್ರಟ್ ಸೆನೆಟರ್ ಓವರ್‌ಮನ್ ತಮ್ಮ ಮತ ಬದಲಿಸಿದರು. ವಾರೆನ್ ಸೋತರು. ಕೂಲಿಜ್ ಪಟ್ಟು ಬಿಡದೆ ಅದೇ ಹೆಸರನ್ನು ಇನ್ನೊಮ್ಮೆ ಕಳಿಸಿದರು. ಸೆನೆಟ್ 39ಕ್ಕೆ 46 ಮತಗಳಿಂದ ಇನ್ನೊಮ್ಮೆ ತಿರಸ್ಕರಿಸಿತು. ಈ ಪ್ರಸಂಗವನ್ನು ಉಪಾಧ್ಯಕ್ಷರ ನಿದ್ದೆಯ ಕತೆಯಾಗಿ ಹೇಳುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಸದನದಲ್ಲಿ ಅಧ್ಯಕ್ಷರ ಸ್ವಂತ ಪಕ್ಷಕ್ಕೇ ಬಹುಮತವಿತ್ತು. ಆದರೂ ಆಕ್ಷೇಪ ಏನೆಂದು ಎಲ್ಲರಿಗೂ ಗೊತ್ತಿತ್ತು, ಯಾರು ಯಾವ ಕಡೆ ಮತ ಹಾಕಿದರು ಎಂಬುದೂ ಗೊತ್ತಾಯಿತು. ಆರು ದಿನಗಳಲ್ಲಿ ಎರಡು ಸಲ ಸ್ಪಷ್ಟ ಉತ್ತರ.

ಇದಕ್ಕೆ ಪಕ್ಕದಲ್ಲಿ 2016ನ್ನು ಇಟ್ಟು ನೋಡಿ. ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ತೀರಿಕೊಂಡರು. ಮಾರ್ಚ್ 16ರಂದು ಒಬಾಮ ಮೆರಿಕ್ ಗಾರ್ಲೆಂಡ್ ಅವರ ಹೆಸರು ಕಳಿಸಿದರು. ಇದು ಚುನಾವಣೆಯ ವರ್ಷ, ಮುಂದಿನ ಅಧ್ಯಕ್ಷರೇ ಆರಿಸಲಿ ಎಂದು ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದ ನಾಯಕ ಮಿಚ್ ಮೆಕಾನೆಲ್ ಸ್ಕಾಲಿಯ ಸತ್ತ ದಿನವೇ ಹೇಳಿಬಿಟ್ಟಿದ್ದರು. ವಿಚಾರಣೆ ಇಲ್ಲ, ಸಮಿತಿಯ ಮತ ಇಲ್ಲ, ಸದನದ ಮತ ಇಲ್ಲ. 293 ದಿನ ಕಾದು, 2017ರ ಜನವರಿ 3ರಂದು ಹೊಸ ಸಂಸತ್ತು ಕೂಡುವಾಗ ಆ ಹೆಸರು ತಾನಾಗಿ ರದ್ದಾಯಿತು. ನಾಲ್ಕು ವರ್ಷದ ನಂತರ, 2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ ಏಳು ವಾರವೂ ಇರಲಿಲ್ಲ. ಅದೇ ಸೆನೆಟ್, ಅದೇ ನಾಯಕ. ಅದೇ ಪಕ್ಷದ ಅಧ್ಯಕ್ಷ ಟ್ರಂಪ್ ಸೂಚಿಸಿದ ಏಮಿ ಬ್ಯಾರೆಟ್ ಅವರ ಹೆಸರು ಅಕ್ಟೋಬರ್ 26ರಂದು 52ಕ್ಕೆ 48 ಮತಗಳಿಂದ ಅಂಗೀಕಾರವಾಯಿತು. ಗಾರ್ಲೆಂಡ್ ಅವರನ್ನು ಮತ ಹಾಕಿ ಸೋಲಿಸಿದ್ದರೆ ಸಂವಿಧಾನದ ದೃಷ್ಟಿಯಿಂದ ಯಾರೂ ಬೆರಳು ತೋರುವಂತಿರಲಿಲ್ಲ. ಹಾಗೆ ಮಾಡಲು ಬೇಕಾದ ಬಹುಮತವೂ ಆ ಪಕ್ಷಕ್ಕಿತ್ತು. ಎದ್ದು ನಿಂತು ಯಾಕೆ ಬೇಡ ಎಂದು ಹೇಳುವ ಹೊಣೆಯೊಂದನ್ನು ಅವರು ತಪ್ಪಿಸಿಕೊಂಡರು.

ಒಬ್ಬನೇ ಸೆನೆಟರ್ ಇಡೀ ಗಾಡಿಯನ್ನು ನಿಲ್ಲಿಸುವುದೂ ಉಂಟು. ಸೆನೆಟ್ ದಿನನಿತ್ಯದ ಕೆಲಸ ನಡೆಸುವುದು ಸರ್ವಾನುಮತದ ಮೇಲೆ. ಯಾರದೂ ತಕರಾರಿಲ್ಲ ಎಂದರೆ ನೂರಾರು ಹೆಸರು ಒಂದೇ ಏಟಿಗೆ ಪಾಸಾಗುತ್ತವೆ. ಇತ್ತೀಚಿನವರೆಗೂ ಒಬ್ಬರು ತಕರಾರು ಎಂದರೆ ಪ್ರತಿ ಹೆಸರಿಗೂ ಚರ್ಚೆ ಮುಗಿಸುವ ನಿರ್ಣಯ, ಕಾಯುವ ಅವಧಿ, ಮತ ಬೇಕಿತ್ತು. 2023ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಅಲಬಾಮದ ಟಾಮಿ ಟ್ಯೂಬರ್‌ವಿಲ್ ಹೀಗೆ 400ಕ್ಕೂ ಹೆಚ್ಚು ಮಿಲಿಟರಿ ಬಡ್ತಿಗಳನ್ನು ತಡೆದು ನಿಲ್ಲಿಸಿದರು. ಗರ್ಭಪಾತಕ್ಕೆ ಬೇರೆ ರಾಜ್ಯಕ್ಕೆ ಹೋಗಬೇಕಾದ ಸೈನಿಕರಿಗೆ ಪ್ರಯಾಣವೆಚ್ಚ ಕೊಡುವ ರಕ್ಷಣಾ ಇಲಾಖೆಯ ನೀತಿ ಅವರಿಗೆ ಒಪ್ಪಿಗೆಯಿರಲಿಲ್ಲ. ಬಡ್ತಿ ಕಾದಿದ್ದ ಅಧಿಕಾರಿಗಳಿಗೂ ಆ ನೀತಿಗೂ ಸಂಬಂಧವೇ ಇರಲಿಲ್ಲ. ಮೆರೀನ್ ದಳಕ್ಕೆ ನೂರು ವರ್ಷಕ್ಕೂ ಮೀರಿದ ಅವಧಿಯಲ್ಲಿ ಮೊದಲ ಬಾರಿಗೆ ಸೆನೆಟ್ ಒಪ್ಪಿದ ಮುಖ್ಯಸ್ಥರೇ ಇಲ್ಲದ ಸ್ಥಿತಿ ಬಂತು. ವರ್ಗಾವಣೆಗೆ ಸಿದ್ಧವಾಗಿದ್ದ ಕುಟುಂಬಗಳು, ಮಕ್ಕಳನ್ನು ಯಾವ ಊರಿನ ಶಾಲೆಗೆ ಸೇರಿಸಬೇಕೆಂದು ತಿಳಿಯದ ತಾಯಿತಂದೆ, ಇವರೆಲ್ಲ ಆ ಹತ್ತು ತಿಂಗಳ ಭಾರ ಹೊತ್ತರು.

ಈ ಮೌನದ ಬಿಸಿ ನಮ್ಮ ದೇಶಕ್ಕೂ ತಟ್ಟಿದೆ. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಕೆನೆತ್ ಜಸ್ಟರ್ 2021ರ ಜನವರಿಯಲ್ಲಿ ಹೋದರು. ಲಾಸ್ ಏಂಜಲೀಸ್ ಮೇಯರ್ ಆಗಿದ್ದ ಎರಿಕ್ ಗಾರ್ಸೆಟಿಯವರ ಹೆಸರು ಅದೇ ಜುಲೈನಲ್ಲಿ ಸೆನೆಟ್‌ಗೆ ಹೋಯಿತು. ಮೇಯರ್ ಕಚೇರಿಯ ಸಹಾಯಕರೊಬ್ಬರ ಮೇಲಿದ್ದ ಲೈಂಗಿಕ ಕಿರುಕುಳದ ಆರೋಪ ಗಾರ್ಸೆಟಿಯವರಿಗೆ ಮೊದಲೇ ತಿಳಿದಿತ್ತೇ ಎಂಬ ಪ್ರಶ್ನೆ ಎದ್ದಿತು. ತಿಳಿದಿರಲಿಲ್ಲ ಎಂದು ಅವರು ಹೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು, ಸೆನೆಟ್ ಕೇಳಿದ್ದು ಸರಿ. ಉತ್ತರ ನಂಬಲಿಲ್ಲವಾದರೆ ತಿರಸ್ಕರಿಸಬೇಕಿತ್ತು, ನಂಬಿದರೆ ಕಳಿಸಬೇಕಿತ್ತು. ಎರಡೂ ಆಗದೆ ಆ ಸಂಸತ್ತಿನ ಅವಧಿ ಮುಗಿದು ಹೆಸರು ವಾಪಸು ಹೋಯಿತು, ಅಧ್ಯಕ್ಷ ಬೈಡನ್ ಮತ್ತೆ ಕಳಿಸಿದರು. 2023ರ ಮಾರ್ಚ್ 15ರಂದು 52ಕ್ಕೆ 42ರಿಂದ ಒಪ್ಪಿಗೆ ಸಿಕ್ಕಿತು. ಎರಡು ವರ್ಷಕ್ಕೂ ಹೆಚ್ಚು ಕಾಲ, ಉಕ್ರೇನ್ ಯುದ್ಧದಂಥ ಸಮಯದಲ್ಲಿ, ದೆಹಲಿಯ ಆ ಕಚೇರಿಯನ್ನು ಒಬ್ಬರಾದ ಮೇಲೊಬ್ಬರು ಪ್ರಭಾರಿಗಳು ನಡೆಸಿದರು. ಅದೇ ಹೊತ್ತಿಗೆ, ಮಗಳ ಬಾಣಂತನಕ್ಕೆ ಹೋಗಬೇಕಾದ ನಮ್ಮ ಬೆಂಗಳೂರು, ಮೈಸೂರಿನ ತಾಯಂದಿರು ಚೆನ್ನೈನ ವೀಸಾ ಸಂದರ್ಶನಕ್ಕೆ ವರ್ಷ ಮೀರಿದ ದಿನಾಂಕಗಳನ್ನು ನೋಡಿ ಕಂಗಾಲಾಗಿದ್ದರು. ವೀಸಾ ವಿಳಂಬಕ್ಕೆ ಮೂಲ ಕೋವಿಡ್ ಕಾಲದ ಬಾಕಿಯೇ ಹೊರತು ಖಾಲಿ ಕುರ್ಚಿಯಲ್ಲ. ಆದರೆ ಇಂಥ ಸಮಸ್ಯೆಯನ್ನು ವಾಷಿಂಗ್ಟನ್‌ನಲ್ಲಿ ಗಟ್ಟಿಯಾಗಿ ಎತ್ತಿ ಸಿಬ್ಬಂದಿ ತರಿಸುವ ಶಕ್ತಿ ಅಧ್ಯಕ್ಷರ ಪೂರ್ಣ ಪ್ರತಿನಿಧಿಗೆ ಇರುವಷ್ಟು ಪ್ರಭಾರಿಗೆ ಇರುವುದಿಲ್ಲ. ಬೆಂಗಳೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾದಾಗ ವೇದಿಕೆಯಲ್ಲಿದ್ದವರು ಇದೇ ಗಾರ್ಸೆಟಿ.

ಮೌನವನ್ನು ದಾಟಲು ಅಧ್ಯಕ್ಷರುಗಳು ಅಡ್ಡದಾರಿ ಹುಡುಕಿದ್ದಾರೆ. ಸೆನೆಟ್ ಬಿಡುವಿನಲ್ಲಿದ್ದಾಗ ತಾತ್ಕಾಲಿಕವಾಗಿ ನೇಮಿಸುವ ಅಧಿಕಾರ ಸಂವಿಧಾನದಲ್ಲೇ ಇದೆ. ಸೆನೆಟರುಗಳು ಕುದುರೆಗಾಡಿಯಲ್ಲಿ ಊರಿಗೆ ಹೋದರೆ ತಿಂಗಳುಗಟ್ಟಲೆ ಬಾರದ ಕಾಲದಲ್ಲಿ ಬರೆದದ್ದು. 2012ರ ಜನವರಿಯಲ್ಲಿ ಮೂರು ದಿನದ ಬಿಡುವಿನಲ್ಲಿ ಒಬಾಮ ಕಾರ್ಮಿಕ ಸಂಬಂಧಗಳ ಮಂಡಳಿಗೆ ಮೂವರನ್ನು ನೇಮಿಸಿದರು. ತಂಪು ಪಾನೀಯ ತುಂಬಿಸಿ ಹಂಚುವ ನೋಯೆಲ್ ಕ್ಯಾನಿಂಗ್ ಎಂಬ ಸಂಸ್ಥೆ, ಈ ಮಂಡಳಿ ನನ್ನ ವಿರುದ್ಧ ಕೊಟ್ಟ ಆದೇಶ ಊರ್ಜಿತವಲ್ಲ ಎಂದು ಕೋರ್ಟಿಗೆ ಹೋಯಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆ ನೇಮಕಗಳು ಅಸಿಂಧು ಎಂದರು. ಈಗ ಸೆನೆಟ್ ಬಿಡುವಿನ ದಿನಗಳಲ್ಲೂ ಮೂರು ದಿನಕ್ಕೊಮ್ಮೆ ಒಬ್ಬರನ್ನು ಪೀಠಕ್ಕೆ ಕಳಿಸಿ, ನಿಮಿಷದಲ್ಲಿ ಸಭೆ ತೆರೆದು ಮುಚ್ಚಿ, ಬಿಡುವೇ ಇಲ್ಲವೆಂದು ತೋರಿಸುತ್ತದೆ. ಇನ್ನೊಂದು ದಾರಿ ಹಂಗಾಮಿಗಳದು. 1998ರ ಕಾಯ್ದೆ ಸಾಮಾನ್ಯವಾಗಿ 210 ದಿನಗಳ ಮಿತಿ ಹಾಕಿದೆ.

ನಿಜವಾದ ಬದಲಾವಣೆ ಬಂದದ್ದು ಸೆನೆಟ್‌ನ ಒಳಗಿನಿಂದ. ಮೊದಲು ಚರ್ಚೆ ಮುಗಿಸಿ ಮತಕ್ಕೆ ಹೋಗಲು ನೂರರಲ್ಲಿ 60 ಮತ ಬೇಕಿತ್ತು. ಅಷ್ಟು ಮತ ಕೂಡಿಸಲಾಗದೆ ನೇಮಕಗಳು ಕೊಳೆಯುತ್ತಿವೆ ಎಂದು ಡೆಮಾಕ್ರಟರು 2013ರ ನವೆಂಬರ್ 21ರಂದು, ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು ಉಳಿದ ನೇಮಕಗಳಿಗೆ ಸರಳ ಬಹುಮತ ಸಾಕೆಂದು ಪದ್ಧತಿ ಬದಲಿಸಿದರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟನ್ನೂ ಅದಕ್ಕೆ ಸೇರಿಸಿದರು. ವಿವೇಕ್ ಮೂರ್ತಿಯವರಿಗೆ ಸಿಕ್ಕಿದ್ದು 51 ಮತ ಎಂದು ಆಗಲೇ ಹೇಳಿದೆ. ಹಳೆಯ ಪದ್ಧತಿಯೇ ಇದ್ದಿದ್ದರೆ ಅವರಿಗೆ ಆ ಹುದ್ದೆ ಸಿಗುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಈ ಬದಲಾವಣೆಗೆ ನಾನು ಋಣಿ. ಆದರೆ ಅದರ ಬೆಲೆಯನ್ನೂ ನೋಡಬೇಕು. ಎದುರು ಪಕ್ಷದ ಒಂದು ಮತವೂ ಬೇಕಾಗಿಲ್ಲ ಎಂದ ಮೇಲೆ, ಎದುರು ಪಕ್ಷವೂ ಒಪ್ಪಬಹುದಾದ ಹೆಸರು ಹುಡುಕುವ ಶ್ರಮ ಯಾಕೆ? 2025ರ ಜನವರಿಯಲ್ಲಿ ರಕ್ಷಣಾ ಮಂತ್ರಿ ಪೀಟ್ ಹೆಗ್ಸೆತ್ ಒಪ್ಪಿಗೆ ಪಡೆದದ್ದು 50ಕ್ಕೆ 50 ಬಿದ್ದು, ಉಪಾಧ್ಯಕ್ಷರ ಮತದಿಂದ. ಅದೇ ವರ್ಷ ಸೆನೆಟ್ ಕೆಳಹಂತದ ನೇಮಕಗಳನ್ನು ಗಂಟುಕಟ್ಟಿ ಒಂದೇ ಮತಕ್ಕೆ ಹಾಕಲು ಶುರುಮಾಡಿತು. ಅಕ್ಟೋಬರ್ 7ರಂದು ಹಾಗೆ ಒಟ್ಟಿಗೆ ಪಾಸಾದ 107 ಜನರಲ್ಲಿ ಭಾರತಕ್ಕೆ ಹೊಸ ರಾಯಭಾರಿ ಸರ್ಜಿಯೊ ಗೋರ್ ಕೂಡ ಇದ್ದರು. ಗಾರ್ಸೆಟಿಯವರನ್ನು ಇಪ್ಪತ್ತು ತಿಂಗಳು ಕಾಯಿಸಿದ ಸದನ ಇವರನ್ನು 106 ಜನರ ಜೊತೆ ಒಂದೇ ಕಂತೆಯಲ್ಲಿ ಕಳಿಸಿತು. ಮೌನಕ್ಕೆ ಮದ್ದು ಅವಸರವಲ್ಲ ಎಂದು ನನ್ನ ಅನಿಸಿಕೆ.

ಬೇರೆ ಸಂವಿಧಾನಗಳು ಕಾಲಮಿತಿಯ ಮದ್ದನ್ನು ಪ್ರಯತ್ನಿಸಿವೆ. ಫಿಲಿಪ್ಪೀನ್ಸ್‌ನ 1987ರ ಸಂವಿಧಾನದಲ್ಲಿ ನೇಮಕಾತಿಗಳಿಗೇ ಒಂದು ಆಯೋಗವಿದೆ: 12 ಸೆನೆಟರುಗಳು, ಕೆಳಮನೆಯ 12 ಸದಸ್ಯರು, ಸೆನೆಟ್ ಅಧ್ಯಕ್ಷರು. ಹೆಸರು ಬಂದ ಮೇಲೆ ಸದನ ಕೂಡುವ 30 ದಿನಗಳೊಳಗೆ ತೀರ್ಮಾನಿಸಬೇಕು ಎಂದು ಸಂವಿಧಾನವೇ ಹೇಳುತ್ತದೆ. ಹೆಸರುಗಳು ಅಲ್ಲೂ ಮುಂದಕ್ಕೆ ಹೋಗುವುದುಂಟು, ಆದರೆ ಬೇಡವೆನಿಸಿದಾಗ ಬೇಡ ಎನ್ನುತ್ತಾರೆ. ಗಣಿಗಳನ್ನು ಮುಚ್ಚಿಸಲು ಹೊರಟ ಪರಿಸರ ಮಂತ್ರಿ ಜೀನಾ ಲೋಪೆಜ್ ಅವರನ್ನು 2017ರ ಮೇ ತಿಂಗಳಲ್ಲಿ ಆಯೋಗ ತಿರಸ್ಕರಿಸಿತು. ಆ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಉತ್ತರ ಕೊಟ್ಟರು ಎಂಬುದಕ್ಕೆ ಮಾತ್ರ ಬೆಲೆ ಕೊಡುತ್ತೇನೆ. ಕೆನ್ಯಾದ 2011ರ ಕಾಯ್ದೆ ಇನ್ನೂ ಮುಂದೆ ಹೋಗಿದೆ. ನಿಗದಿತ ಅವಧಿಯಲ್ಲಿ ಸಂಸತ್ತು ಏನೂ ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು, ನಮ್ಮ ಸಂವಿಧಾನ ಇದನ್ನು ಯಾಕೆ ತರಲಿಲ್ಲ ಸ್ವಾಮಿ ಎಂದು ಕೇಳಿದರು. ತರುವ ಪ್ರಯತ್ನ ನಡೆದಿತ್ತು. ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನೇಮಕಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತದ ಒಪ್ಪಿಗೆ ಬೇಕು ಎಂದು ಒಂದು ತಿದ್ದುಪಡಿ, ರಾಜ್ಯಸಭೆಯ ಜೊತೆ ಸಮಾಲೋಚಿಸಬೇಕು ಎಂದು ಇನ್ನೊಂದು, ಸಂವಿಧಾನ ಸಭೆಯ ಮುಂದೆ ಬಂದಿದ್ದವು. 1949ರ ಮೇ 24ರಂದು ಡಾ. ಅಂಬೇಡ್ಕರ್ ಉತ್ತರಿಸುತ್ತಾ ಅಮೆರಿಕದ ಸೆನೆಟ್ ಪದ್ಧತಿಯನ್ನೇ ಹೆಸರಿಸಿ ಚರ್ಚಿಸಿದರು. ಪ್ರತಿ ನೇಮಕವನ್ನೂ ಶಾಸಕಾಂಗದ ಒಪ್ಪಿಗೆಗೆ ಒಳಪಡಿಸುವುದು ತೊಡಕಿನ ಕೆಲಸ, ರಾಜಕೀಯ ಒತ್ತಡಕ್ಕೂ ದಾರಿ. ಕಾರ್ಯಾಂಗಕ್ಕೇ ಪೂರ್ತಿ ಬಿಡುವುದೂ ಅಪಾಯ ಎಂದು ಹೇಳಿ, ಅರ್ಹ ನ್ಯಾಯಮೂರ್ತಿಗಳ ಜೊತೆ ಸಮಾಲೋಚನೆ ಎಂಬ ನಡುದಾರಿಯನ್ನು ಹಿಡಿದರು. ಮಂತ್ರಿಗಳೇ ದಿನವೂ ಸದನದಲ್ಲಿ ಕೂತು ಉತ್ತರ ಕೊಡುವ ಸಂಸದೀಯ ಪದ್ಧತಿಯಲ್ಲಿ ಅಮೆರಿಕದಷ್ಟು ಅಗತ್ಯವೂ ಇರಲಿಲ್ಲ. ಅಂಬೇಡ್ಕರ್ ಹೇಳಿದ ತೊಡಕು, ಒತ್ತಡ ಎರಡೂ ನಿಜವೆಂದು ಮೂರ್ತಿ, ಗಾರ್ಲೆಂಡ್ ಪ್ರಕರಣಗಳು ತೋರಿಸಿವೆ.

ಹಾಗಿದ್ದೂ ನಮ್ಮಲ್ಲಿ ಮುಚ್ಚಿದ ಕೋಣೆಗಳು ಹೆಚ್ಚಾದವು. ಚುನಾವಣಾ ಆಯುಕ್ತರನ್ನು 2023ರ ಕಾಯ್ದೆಯಂತೆ ಪ್ರಧಾನಿ, ಅವರು ಹೆಸರಿಸುವ ಒಬ್ಬ ಮಂತ್ರಿ ಮತ್ತು ವಿರೋಧ ಪಕ್ಷದ ನಾಯಕರ ಸಮಿತಿ ಆರಿಸುತ್ತದೆ. ಆಯ್ಕೆಯಾಗುವವರನ್ನು ಜನರ ಎದುರು ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. ನಮ್ಮ ರಾಜ್ಯದ ಲೋಕಾಯುಕ್ತವನ್ನೇ ತೆಗೆದುಕೊಳ್ಳಿ. 1984ರ ಕಾಯ್ದೆಯ ಪ್ರಕಾರ ಮುಖ್ಯಮಂತ್ರಿ ಐವರ ಜೊತೆ ಸಮಾಲೋಚಿಸಿ ರಾಜ್ಯಪಾಲರಿಗೆ ಹೆಸರು ಕೊಡಬೇಕು: ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಪರಿಷತ್ತಿನ ಸಭಾಪತಿ, ವಿಧಾನಸಭಾಧ್ಯಕ್ಷರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು. ಉಪಲೋಕಾಯುಕ್ತರೊಬ್ಬರ ನೇಮಕದಲ್ಲಿ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚನೆಯೇ ನಡೆದಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆ ನೇಮಕ ನಿಲ್ಲುವುದಿಲ್ಲ ಎಂದಿತು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲಷ್ಟೇ, ಯಾರನ್ನು ಕೇಳಿದರು, ಯಾರನ್ನು ಬಿಟ್ಟರು ಎಂಬ ವಿವರ ಜನರಿಗೆ ಸಿಕ್ಕಿತು. ಆ ಐವರು ಸೂಚಿಸಿದ ಹೆಸರುಗಳನ್ನೂ ಕೊಟ್ಟ ಕಾರಣಗಳನ್ನೂ ನೇಮಕವಾದ ಮೂವತ್ತು ದಿನದೊಳಗೆ ಎರಡೂ ಸದನಗಳಲ್ಲಿ ಮಂಡಿಸಬೇಕು ಎಂದು ಸೇರಿಸುವುದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾಗಿಲ್ಲ. ಆ ಕಾಯ್ದೆಗೆ ಒಂದು ಉಪವಿಭಾಗ ಸಾಕು, ಮತ್ತು ಅದನ್ನು ಬರೆಯುವ ಅಧಿಕಾರ ನಮ್ಮ ವಿಧಾನಸೌಧಕ್ಕೇ ಇದೆ.